ಪೊಲಿತ್ಸೈ ಮತ್ತು ಒಂದು ಉಂಡೆ ಅನ್ನ

ಸೇಡು ತೀರಿಸಿಕೊಳ್ಳಲು ಜನ ಏನೇನೋ ಹುಡುಕುತ್ತಾರೆ. ನಾನು ನಿಘಂಟು ಹುಡುಕಿದೆ. ನನಗೆ ಹಿಡಿಯಲು ಬರುವ ಆಯುಧ ಅದೊಂದೇ. ಮೈಸೂರಿನಲ್ಲಿ ಸಂಜೆ ತರಗತಿಗೆ ಹೋಗಿ ಜರ್ಮನ್ ಕಲಿತವಳು ನಾನು. ಈಗ ಸಿಂಗಪುರದ ಆಂಗ್ ಮೋ ಕಿಯೋದಲ್ಲಿ ಒಂದು ಕಂಪನಿಗೆ ಜರ್ಮನ್ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ತಂದುಕೊಡುತ್ತೇನೆ. ಬೆರಳು ಎಲ್ಲಿಟ್ಟರೆ ತುಂಡಾಗುತ್ತದೆ, ಎಲ್ಲಿಟ್ಟರೆ ಬರೀ ತರಚುತ್ತದೆ ಎಂದು ದಿನವಿಡೀ ಬರೆಯುವ ಕೆಲಸ. ಅದಕ್ಕೂ ಅವರು ಮೆಟ್ಟಿಲು ಕಟ್ಟಿದ್ದಾರೆ. ಪ್ರಾಣ ಹೋಗುವಂತಿದ್ದರೆ ‘ಗೆಫಾರ್’, ಅಂದರೆ ಅಪಾಯ. ಅದಕ್ಕಿಂತ ಕಡಿಮೆಗೆ ಬೇರೆ ಪದ, ಇನ್ನೂ ಕಡಿಮೆಗೆ ಮತ್ತೊಂದು. ಯಾರ ಮೈಗೂ ಏನೂ ಆಗುವುದಿಲ್ಲ, ಆದರೂ ಗಮನವಿರಲಿ ಎನ್ನುವುದಕ್ಕೆ ‘ಹಿನ್‌ವೈಸ್’, ಅಂದರೆ ಸೂಚನೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ನಮ್ಮ ಮ್ಯಾನೇಜರ್ ಬಾಯಿಗೆ ಬಂದಂತೆ ಬೈಯುತ್ತಾರೆ.

ಸೇಡು ಇದ್ದದ್ದು ನಮ್ಮ ಕನ್ನಡಿಗರ ಗುಂಪಿನ ಅಧ್ಯಕ್ಷನ ಮೇಲೆ. ಅಧ್ಯಕ್ಷರು ಎಂದು ಬರೆಯಬೇಕು, ಗೊತ್ತು. ನನಗೆ ಮನಸ್ಸಿಲ್ಲ. ಬೆಂಗಳೂರಿನವನು, ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆ. ಉಳಿದವರೆಲ್ಲ ನಿಯಮ ಪಾಲಿಸುತ್ತಿದ್ದಾರೆಯೇ ಎಂದು ನೋಡುವುದೇ ಅವನ ಉದ್ಯೋಗ. ಆಫೀಸಿನಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ. ನಮಗೆ ಅದನ್ನು ಪುಕ್ಕಟೆಯಾಗಿ ಹಂಚುತ್ತಿದ್ದ. ಎಂಆರ್‌ಟಿ ರೈಲಿನಲ್ಲಿ ಕನ್ನಡದಲ್ಲಿ ಜೋರಾಗಿ ಮಾತಾಡಬೇಡಿ. ವಾಯ್ಡ್ ಡೆಕ್‌ನಲ್ಲಿ, ಅಂದರೆ ನಮ್ಮ ಕಟ್ಟಡಗಳ ಕೆಳಗಿನ ತೆರೆದ ಪಡಸಾಲೆಯಲ್ಲಿ, ಗುಂಪು ಕಟ್ಟಿಕೊಂಡು ನಿಲ್ಲಬೇಡಿ. ಮೆಣಸಿನಕಾಯಿ ಹುರಿಯುವಾಗ ಬಾಗಿಲು ಹಾಕಿಕೊಳ್ಳಿ. ಬೆಳಗಾದರೆ ವಾಟ್ಸ್ಯಾಪಿನಲ್ಲಿ ಇಂಥದ್ದೊಂದು ಬಂದು ಬೀಳುತ್ತಿತ್ತು; ಕೆಳಗೆ ಹತ್ತು ಜನ ಹೆಬ್ಬೆಟ್ಟು ಎತ್ತುತ್ತಿದ್ದರು. ನಾನೂ ಎಷ್ಟೋ ಸಲ ಎತ್ತಿದ್ದೇನೆ. ಯಾಕೆ ಸುಮ್ಮನೆ ಎದುರು ಹಾಕಿಕೊಳ್ಳುವುದು ಎಂದುಕೊಂಡು.

ಆಮೇಲೆ ನಮ್ಮ ಮಾವನವರ ತಿಥಿ ಬಂತು.

ಮಾವ ಹೋದ ಮೇಲೆ ಅತ್ತೆ ಸೆಂಬವಾಂಗಿನ ನಮ್ಮ ಮನೆಗೆ ಬಂದಿದ್ದರು. ಮೈಸೂರಿನಲ್ಲಿ ಮಗಳಿದ್ದಾಳೆ, ಆದರೆ ತಿಥಿ ಮಾಡಬೇಕಾದವನು ಮಗ, ಆದ್ದರಿಂದ ತಾನು ಇರಬೇಕಾದದ್ದು ಮಗನ ಮನೆಯಲ್ಲಿ ಎಂಬುದು ಅವರ ಲೆಕ್ಕ. ನಾನೇನೂ ಅತ್ತೆಯನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗುವ ಸೊಸೆಯಲ್ಲ. ಕುಕ್ಕರಿನ ಕೂಗು ಎಷ್ಟಾಗಬೇಕು ಎಂಬುದರಿಂದ ಹಿಡಿದು ಒದ್ದೆ ಟವೆಲ್ ಎಲ್ಲಿ ಹಾಕಬೇಕು ಎಂಬುದರವರೆಗೆ ನಮಗಿಬ್ಬರಿಗೂ ಜಟಾಪಟಿ ನಡೆಯುತ್ತಲೇ ಇರುತ್ತದೆ. ಆದರೆ ಆ ದಿನದ ಅಡಿಗೆಯನ್ನು ನಾವಿಬ್ಬರೂ ಒಂದು ಮಾತೂ ಆಡದೆ, ಒಬ್ಬರ ಕೈ ಇನ್ನೊಬ್ಬರಿಗೆ ಅಡ್ಡ ಬಾರದಂತೆ ಮಾಡಿ ಮುಗಿಸಿದೆವು. ಆಂಬೊಡೆ, ಎಳ್ಳುಂಡೆ, ಪಾಯಸ, ಮೆಣಸಿನ ಸಾರು. ಮೈಸೂರಿನಿಂದ ಪುರೋಹಿತರು ವಿಡಿಯೋದಲ್ಲಿ ಮಂತ್ರ ಹೇಳಿದರು, ನನ್ನ ಗಂಡ ಫೋನನ್ನು ಅಕ್ಕಿಡಬ್ಬಕ್ಕೆ ಒರಗಿಸಿಕೊಂಡು ಕರ್ಮ ಮಾಡಿದರು.

ಉಳಿದದ್ದು ಕಾಗೆ. ಕಾಗೆಗೆ ಅನ್ನವಿಟ್ಟು, ಅದು ಬಂದು ಮುಟ್ಟಿದ ಮೇಲೆ ಮನೆಯವರು ಎಲೆಯ ಮುಂದೆ ಕೂರಬೇಕು. ಹೋದವರು ಕಾಗೆಯಾಗಿ ಬಂದು ಉಣ್ಣುತ್ತಾರೆ ಎಂಬ ನಂಬಿಕೆ. ಈ ದೇಶದಲ್ಲಿ ಹಕ್ಕಿಗಳಿಗೆ ಅನ್ನ ಹಾಕುವಂತಿಲ್ಲ, ಹಾಕಿದರೆ ದಂಡ. ಅದು ನಮಗೂ ಗೊತ್ತಿತ್ತು. ನೀರಿಗೆ ಬಿಟ್ಟರೂ ನಡೆಯುತ್ತದೆ ಎಂದು ಪುರೋಹಿತರು ಫೋನಿನಲ್ಲೇ ರಿಯಾಯಿತಿ ಕೊಟ್ಟರು.

“ನೀರಿಗೆ ಬಿಟ್ರೆ ಅವರು ಬಂದ್ರು ಅಂತ ನಂಗೆ ಹೇಗೆ ಗೊತ್ತಾಗುತ್ತೆ?” ಎಂದರು ಅತ್ತೆ.

ಒಂದು ಉಂಡೆ ಅನ್ನ, ಅದರ ಮೇಲೆ ಒಂದು ಆಂಬೊಡೆ, ಚೂರು ಬಾಳೆಲೆ. ಅಷ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅತ್ತೆ ಲಿಫ್ಟಿನಲ್ಲಿ ಇಳಿದರು. ನಾನೂ ಹೋದೆ. ಬ್ಲಾಕಿನ ಹಿಂದೆ ಮಳೆನೀರಿನ ಕಾಲುವೆಯ ಪಕ್ಕ ಒಂದು ಮೋಟುಗೋಡೆಯಿದೆ. ಅಲ್ಲಿಟ್ಟರು. ಮೊದಲು ಮೈನಾಗಳು ಬಂದವು. ಇಲ್ಲಿ ಅವುಗಳದ್ದೇ ದರ್ಬಾರು. ಅತ್ತೆ ಸೆರಗು ಬೀಸಿ ಓಡಿಸಿದರು. ಸ್ವಲ್ಪ ಹೊತ್ತಿಗೆ ದೀಪದ ಕಂಬದ ಮೇಲೆ ಒಂದು ಕಾಗೆ ಬಂದು ಕೂತಿತು. ಕತ್ತು ಓರೆ ಮಾಡಿ ನಮ್ಮನ್ನು ನೋಡಿತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು, “ಬನ್ನಿ” ಎಂದರು. ಮಾವನನ್ನು ಊಟಕ್ಕೆ ಕರೆಯುವಾಗ ಇದ್ದ ದನಿ ಅದು. ನಲವತ್ತು ವರ್ಷ ಅದೇ ದನಿಯಲ್ಲಿ ಕರೆದಿದ್ದರೋ ಏನೋ. ಕಾಗೆ ಗೋಡೆಗೆ ಇಳಿಯಿತು, ಕುಪ್ಪಳಿಸಿ ಎಲೆಯ ಹತ್ತಿರ ಬಂತು.

ಆಗ ನಮ್ಮ ಹಿಂದಿನಿಂದ ಯಾರೋ ಜೋರಾಗಿ ಚಪ್ಪಾಳೆ ತಟ್ಟಿದರು. ಕಾಗೆ ಹಾರಿಹೋಯಿತು.

ಜಾಗಿಂಗ್ ಬಟ್ಟೆಯಲ್ಲಿದ್ದ ನಮ್ಮ ಅಧ್ಯಕ್ಷ. ಎದುರಿನ ಕಾಂಡೋದಲ್ಲಿ, ಅಂದರೆ ಖಾಸಗಿ ಅಪಾರ್ಟ್‌ಮೆಂಟಿನಲ್ಲಿ, ಅವನ ಮನೆ. ಕಾಲುವೆಯ ದಾರಿಯಲ್ಲೇ ಓಡುತ್ತಾನಂತೆ. “ಆಂಟಿ, ನೋ ನೋ ನೋ. ಇಲ್ಲಿ ಬರ್ಡ್ ಫೀಡ್ ಮಾಡೋ ಹಾಗಿಲ್ಲ. ಫೈನ್ ಬೀಳತ್ತೆ ಗೊತ್ತಾ?” ಎನ್ನುತ್ತಲೇ ಫೋನು ತೆಗೆದು ಎಲೆಯದೊಂದು, ಅತ್ತೆಯ ಬೆನ್ನಿನದೊಂದು ಫೋಟೋ ಹೊಡೆದ.

“ಇವತ್ತು ಮಾವನವರ ತಿಥಿ” ಎಂದೆ.

“ಐ ಅಂಡರ್‌ಸ್ಟ್ಯಾಂಡ್ ಮೇಡಂ. ಬಟ್ ರೂಲ್ ಈಸ್ ರೂಲ್. ನೀವು ಎಜುಕೇಟೆಡ್ ಇದೀರ, ನೀವಾದ್ರೂ ಹೇಳ್ಬಾರ್ದಾ?”

ಆಮೇಲೆ ಜೇಬಿನಿಂದ ಟಿಶ್ಯೂ ತೆಗೆದು, ಕೈಗೆ ಹೊಲಸು ತಾಗುತ್ತದೆ ಎನ್ನುವವನಂತೆ ಎಲೆಯನ್ನು ಅಂಚಿನಲ್ಲಿ ಹಿಡಿದೆತ್ತಿ, ಹತ್ತಿರದ ಕಸದ ಡಬ್ಬಕ್ಕೆ ಹಾಕಿದ. ಅತ್ತೆ ನೋಡುತ್ತಾ ನಿಂತಿದ್ದರು. ಅವರಿಗೆ ಇವನು ಯಾರೆಂದು ಗೊತ್ತಿರಲಿಲ್ಲ. ಕನ್ನಡ ಮಾತಾಡುವವನು ಎಂಬುದಷ್ಟೇ ಗೊತ್ತಾದದ್ದು. ಸಂಜೆಗೆ ಗುಂಪಿನಲ್ಲಿ ಫೋಟೋ ಬಂತು: ಅತ್ತೆಯ ಬೆನ್ನು, ಹಸಿರು ಸೀರೆ, ಗೋಡೆಯ ಮೇಲಿನ ಎಲೆ. ಕೆಳಗೆ, ‘ಯಾರೆಂದು ಹೇಳುವುದಿಲ್ಲ. ಹಿರಿಯರಿಗೆ ದಯವಿಟ್ಟು ಸಿವಿಕ್ ಸೆನ್ಸ್ ಕಲಿಸಿ. ನಮ್ಮ ಕಮ್ಯುನಿಟಿಯ ಹೆಸರಿನ ಪ್ರಶ್ನೆ.’ ಹೆಬ್ಬೆಟ್ಟುಗಳು ಎದ್ದವು.

ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ಸಮವಸ್ತ್ರ ಹಾಕಿದ ಅಧಿಕಾರಿಯೊಬ್ಬ ಬಂದು ದಂಡ ಹಾಕಿದ್ದರೆ ಕಟ್ಟಿ, ತಪ್ಪಾಯಿತು ಎಂದು ಮನೆಗೆ ಬರುತ್ತಿದ್ದೆ. ಇವನನ್ನು ಯಾರು ನೇಮಿಸಿದ್ದರು? ತಿಥಿ ಎಂದರೇನು ಎಂದು ಗೊತ್ತಿಲ್ಲದವನಾಗಿದ್ದರೂ ಬಿಡುತ್ತಿದ್ದೆ. ಗೊತ್ತಿದ್ದೂ ಚಪ್ಪಾಳೆ ತಟ್ಟಿದ.

ಆ ದಿನ ಅತ್ತೆ ಊಟ ಮಾಡಲಿಲ್ಲ. ಮಾರನೆಯ ದಿನ ಮಧ್ಯಾಹ್ನವೂ ತಟ್ಟೆಯ ಮುಂದೆ ಕೂರಲಿಲ್ಲ. “ಅವರು ಬಂದಿದ್ರು ಕಣೇ. ನಾನೇ ಕಣ್ಣಾರೆ ನೋಡ್ದೆ. ಊಟಕ್ಕೆ ಕೂತವರನ್ನ ಎಬ್ಬಿಸಿ ಓಡಿಸ್ಬಿಟ್ರಲ್ಲ. ಅವರು ಹಸ್ಕೊಂಡು ಹೋಗಿರ್ಬೇಕಾದ್ರೆ ನಂಗೆ ಹೇಗೆ ಇಳಿಯುತ್ತೆ?” ಮುಂದಿನ ತಿಥಿಯವರೆಗೆ ಮಧ್ಯಾಹ್ನ ಉಣ್ಣುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡುಬಿಟ್ಟರು. ಬೆಳಿಗ್ಗೆ ಕಾಫಿ, ಒಂದು ದೋಸೆ. ರಾತ್ರಿ ಒಂದು ಹಿಡಿ ಮೊಸರನ್ನ. ಸಕ್ಕರೆ ಕಾಯಿಲೆಯವರು, ಮಾತ್ರೆ ನುಂಗುವವರು. ಡಾಕ್ಟರು ಮೊದಲು ಬುದ್ಧಿ ಹೇಳಿದರು, ಆಮೇಲೆ ಗದರಿದರು. ಒಮ್ಮೆ ಬಚ್ಚಲಿನಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತುಬಿಟ್ಟಿದ್ದರು. ಕುಪ್ಪಸದ ತೋಳನ್ನು ನಾನೇ ಎರಡು ಸಲ ಒಳಗೆ ಮಡಚಿ ಹೊಲಿದುಕೊಟ್ಟೆ. ಮಗ ಕಾಲು ಹಿಡಿದುಕೊಂಡರೂ ಜಗ್ಗಲಿಲ್ಲ. ಪ್ರತಿ ಸಲ ಸೂಜಿ ಹಿಡಿದಾಗಲೂ ಆ ಅಧ್ಯಕ್ಷನ ಚಪ್ಪಾಳೆ ನನ್ನ ಕಿವಿಯಲ್ಲಿ ಕೇಳುತ್ತಿತ್ತು.

ಹೀಗೇ ಹತ್ತು ತಿಂಗಳು ಕಳೆದಿರಬೇಕು, ಅವನೇ ಫೋನ್ ಮಾಡಿದ. ಗುಂಪಿನಲ್ಲಿ ತಿಂಗಳಿಗೊಂದು ಉಪನ್ಯಾಸ ಇಡುವುದು ರೂಢಿ. “ಮೇಡಂ, ನೆಕ್ಸ್ಟ್ ಮಂತ್ ನಿಮ್ಮದೊಂದು ಟಾಕ್ ಇಟ್ಕೊಳ್ಳೋಣ. ಜರ್ಮನ್ ಬಗ್ಗೆ ಏನಾದ್ರೂ ಇಂಟರೆಸ್ಟಿಂಗ್ ಆಗಿ. ಮಕ್ಕಳಿಗೂ ಯೂಸ್‌ಫುಲ್ ಆಗತ್ತೆ.” ಕಾಗೆಯ ವಿಷಯ ಅವನ ನೆನಪಿನಲ್ಲೇ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಉರಿಸಿತು. ಖಂಡಿತ ಬರುತ್ತೇನೆ ಎಂದೆ. ವಿಷಯ ಏನು ಎಂದು ಕೇಳಿದ. ಒಂದು ಪದ ಎಂದೆ. ಪೊಲಿತ್ಸೈ. ಜರ್ಮನ್ನರು ಪೊಲೀಸರಿಗೆ ಹೇಳುವ ಪದ.

“ವಾವ್, ಸೂಪರ್” ಎಂದ.

ಆ ತಿಂಗಳು ನಾನು ಓದಿದಷ್ಟು ಪರೀಕ್ಷೆಗೂ ಓದಿರಲಿಲ್ಲ. ಕಂಪನಿಯ ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ತಿಂಡಿ ಅಂಗಡಿಗಳ ಹಾಕರ್ ಸೆಂಟರಿನ ಮೇಜಿನ ಮೇಲೆ. ಯಾರ ಮೇಲಾದರೂ ಪ್ರೀತಿಯಿದ್ದಾಗ ಇಷ್ಟು ಶ್ರದ್ಧೆ ಬರುತ್ತದೋ ಇಲ್ಲವೋ, ಒಬ್ಬನ ಮುಖದ ನೀರಿಳಿಸಬೇಕು ಎಂದಾಗ ಬರುತ್ತದೆ. ಮೊದಲು ಬೈಗುಳದ ಪದಗಳನ್ನು ಹುಡುಕಿದೆ. ಬೀದಿಯಲ್ಲಿ ಜರ್ಮನ್ ಹುಡುಗರು ಪೊಲೀಸರನ್ನು ‘ಬುಲ್ಲೆ’ ಎನ್ನುತ್ತಾರೆ. ಕೇಳಿದವರಿಗೆ ಗೂಳಿ ಎಂದೇ ಅರ್ಥವಾಗುತ್ತದೆ. ಆದರೆ ಪದದ ಬೇರು ಗೂಳಿಯಲ್ಲ, ಉತ್ತರದ ಕಡೆಯ ಭಾಷೆಯಲ್ಲಿ ತಲೆಗೆ ಹೇಳುವ ಪದ, ಅಂದರೆ ತಲೆಯಿರುವವನು, ಚುರುಕಿನವನು ಎಂದು ಕೆಲವು ಪಂಡಿತರ ವಾದ. ಇವನಿಗೆ ಆ ಗೌರವ ಬೇಡ ಎಂದು ಬಿಟ್ಟೆ. ‘ಬ್ಯುಟೆಲ್’ ಎಂಬುದು ಹಳೆಯದು: ಊರಿನಲ್ಲಿ ಸಾರುವವನು, ನ್ಯಾಯಸ್ಥಾನಕ್ಕೆ ಬಾ ಎಂದು ಕರೆ ತರುವವನು. ನಮ್ಮ ಹಳ್ಳಿಗಳ ತಳವಾರನ ಹಾಗೆ. ತಳವಾರನಿಗೆ ಯಾಕೆ ಅವಮಾನ ಮಾಡಲಿ, ಅವನು ಊರು ಕಾಯುತ್ತಿದ್ದವನು.

ಆಮೇಲೆ ‘ಶೆರ್ಗೆ’ ಸಿಕ್ಕಿತು. ಅದನ್ನು ಓದುವಾಗ ಬಸ್ಸಿನಲ್ಲೇ ನಕ್ಕುಬಿಟ್ಟೆ, ಪಕ್ಕದವಳು ತಿರುಗಿ ನೋಡಿದಳು. ಮೊದಲಿಗೆ ಆ ಪದಕ್ಕೆ ಒಂದು ದಳದ ನಾಯಕ ಎಂಬ ಮರ್ಯಾದೆಯ ಅರ್ಥವಿತ್ತು. ಶತಮಾನಗಳು ಕಳೆದಂತೆ ನ್ಯಾಯಸ್ಥಾನದ ಸೇವಕನಾದ, ಹಿಡಿದು ತರುವವನಾದ. ಈಗ ಆ ಪದಕ್ಕೆ ಒಂದೇ ಅರ್ಥ: ದೊಡ್ಡವರು ಹೇಳುವ ಮೊದಲೇ ಅವರ ಕೊಳಕು ಕೆಲಸವನ್ನು ಹುಮ್ಮಸ್ಸಿನಿಂದ ಮಾಡಿಕೊಡುವ ಬಾಲಬಡುಕ. ಯಾರೂ ಆ ಪದವನ್ನು ಬಲವಂತವಾಗಿ ಕೆಳಗಿಳಿಸಲಿಲ್ಲ, ಆ ಕೆಲಸ ಮಾಡಿದವರ ನಡತೆಯೇ ಇಳಿಸಿತು. ಇದನ್ನು ಉಪನ್ಯಾಸದ ಮಧ್ಯದಲ್ಲಿ ಇಡಬೇಕು, ಇಟ್ಟು ಎರಡು ನಿಮಿಷ ಅವನ ಮುಖ ನೋಡಬೇಕು ಎಂದು ಗುರುತು ಹಾಕಿಕೊಂಡೆ.

ಆದರೆ ಪೊಲಿತ್ಸೈ ಎಂಬ ಪದವೇ ಎಲ್ಲಕ್ಕಿಂತ ಒಳ್ಳೆಯ ಕತ್ತಿ. ಗ್ರೀಕರು ಊರಿಗೆ ಹೇಳುವ ಪದದಿಂದ ಹೊರಟು, ಲ್ಯಾಟಿನ್ನಿನಲ್ಲಿ ಇಳಿದು, ಫ್ರೆಂಚರ ಮನೆ ಹೊಕ್ಕು, ಜರ್ಮನ್ ಕಚೇರಿಗಳಿಗೆ ಬಂದದ್ದು. ಬಂದ ಹೊಸದರಲ್ಲಿ ಅದು ಮನುಷ್ಯನ ಹೆಸರಾಗಿರಲಿಲ್ಲ. ಟೋಪಿಯಿಲ್ಲ, ಲಾಠಿಯಿಲ್ಲ. ಊರು ಚೆನ್ನಾಗಿ ನಡೆಯುವ ಸ್ಥಿತಿಗೇ ಪೊಲಿತ್ಸೈ ಎನ್ನುತ್ತಿದ್ದರು. ಆ ಊರಿನಲ್ಲಿ ಒಳ್ಳೆಯ ಪೊಲಿತ್ಸೈ ಇದೆ ಎಂದರೆ ರೊಟ್ಟಿಯ ತೂಕ ಸರಿಯಿದೆ, ಬಾವಿ ಚೊಕ್ಕಟವಾಗಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅರಸರು ನಿಲ್ಲಿಸಲಿಲ್ಲ. ಮದುವೆಗೆ ಎಷ್ಟು ಜನ ಕರೆಯಬೇಕು, ಎಷ್ಟು ಬಗೆ ಬಡಿಸಬೇಕು, ಯಾವ ಅಂತಸ್ತಿನ ಹೆಂಗಸು ಯಾವ ಬಟ್ಟೆ ಉಡಬೇಕು, ಕುಡಿದವನು ಹೇಗೆ ಆಣೆ ಹಾಕಬಾರದು, ಎಲ್ಲಕ್ಕೂ ಆಜ್ಞೆ ಬರೆದರು. ಕೊನೆಗೆ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವ ಒಂದು ಶಾಸ್ತ್ರವೇ ಆಯಿತು. ಜನರ ಒಳ್ಳೆಯದಕ್ಕೆಂದೇ ಜನರ ಅಡಿಗೆಮನೆಯಲ್ಲಿ ಮೂಗು ತೂರಿಸುವ ಶಾಸ್ತ್ರ.

ಅದಕ್ಕೆ ಲಗಾಮು ಬಿದ್ದದ್ದು ಆಮೇಲೆ. ಬರ್ಲಿನ್ನಿನ ಒಂದು ಗುಡ್ಡದ ಮೇಲೆ ವಿಜಯದ ನೆನಪಿನ ಸ್ಮಾರಕವಿದೆ. ಅದು ದೂರಕ್ಕೆ ಚೆನ್ನಾಗಿ ಕಾಣಬೇಕು, ಸುತ್ತ ಯಾರೂ ಎತ್ತರದ ಮನೆ ಕಟ್ಟಕೂಡದು ಎಂದು ಪೊಲೀಸರು ಆಜ್ಞೆ ಹೊರಡಿಸಿದರು. ಮನೆ ಕಟ್ಟುವವನೊಬ್ಬ ನ್ಯಾಯಾಲಯಕ್ಕೆ ಹೋದ. ನ್ಯಾಯಾಲಯ ಹೇಳಿತು: ಪೊಲೀಸರ ಕೆಲಸ ಅಪಾಯವನ್ನು ತಡೆಯುವುದು, ನೋಟದ ಚೆಂದ ಕಾಯುವುದು ಅವರ ಕೆಲಸವಲ್ಲ. ಅಲ್ಲಿ ಬಂತು ನೋಡಿ ಆ ಪದ, ಗೆಫಾರ್. ನಾನು ದಿನಾ ಯಂತ್ರಗಳ ಪಕ್ಕದಲ್ಲಿ ಬರೆಯುವ ಪದ. ಹತ್ತೊಂಬತ್ತನೆಯ ಶತಮಾನದ ಆ ನ್ಯಾಯಾಧೀಶರನ್ನು ಕರೆದು ಕೂರಿಸಿ ಅತ್ತೆಯ ಕೈಯಿಂದ ಬಿಸಿ ಆಂಬೊಡೆ ಹಾಕಿಸಬೇಕು ಅನ್ನಿಸಿತು.

ಉಪನ್ಯಾಸದ ದಿನ ಅತ್ತೆಯನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ತಿಥಿಯಾದ ಮೇಲೆ ಅವರು ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಇಳಿದಿರಲಿಲ್ಲ. ಅಧ್ಯಕ್ಷನ ಕಾಂಡೋದ ಫಂಕ್ಷನ್ ರೂಮು; ಗೋಡೆಯುದ್ದಕ್ಕೂ ಮನೆಮನೆಯಿಂದ ತಂದ ಚಿತ್ರಾನ್ನ, ಬಿಸಿಬೇಳೆಬಾತಿನ ಡಬ್ಬಿಗಳು, ತುಂಬಿದ ಕುರ್ಚಿಗಳು. ಅತ್ತೆಯನ್ನು ಮೊದಲ ಸಾಲಿನಲ್ಲಿ ಕೂರಿಸಿದೆ. ವೇದಿಕೆಯ ಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ ಅವನು.

ಚೆನ್ನಾಗಿ ಮಾತಾಡಿದೆ. ನಾನೇ ಹೇಳಿಕೊಳ್ಳುತ್ತೇನೆ, ಯಾಕೆಂದರೆ ನಿಜ. ಮದುವೆಯ ಅತಿಥಿಗಳನ್ನು ಎಣಿಸುವ ಆಜ್ಞೆಗೆ ಜನ ನಕ್ಕರು. ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಆಂಟಿ, ಎಕ್ಸ್ಟ್ರಾ ಗೆಸ್ಟ್ ಬಂದ್ರೆ ಫೈನಾ? ಸೋ ಸ್ಟ್ರಿಕ್ಟ್ ಲಾ” ಎಂದಾಗ ಇನ್ನೂ ನಕ್ಕರು. ಶೆರ್ಗೆ ಪದಕ್ಕೆ ಬಂದಾಗ ಒಬ್ಬೊಬ್ಬರೇ ಅಧ್ಯಕ್ಷನ ಕಡೆ ಕಳ್ಳನೋಟ ಹಾಯಿಸಿದರು. ಗುಡ್ಡದ ಮೇಲಿನ ಸ್ಮಾರಕದ ಕತೆ ಮುಗಿಸಿ ಕಾಗದ ಮಡಚಿಟ್ಟು ಹೇಳಿದೆ: “ಅಪಾಯ ಇರುವಲ್ಲಿ ತಡೆಯಲಿ, ಅದು ಪೊಲೀಸ್. ಒಬ್ಬ ಹೆಂಗಸು ತೀರಿಹೋದ ಗಂಡನಿಗೆ ಒಂದು ಉಂಡೆ ಅನ್ನ ಇಟ್ಟಾಗ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುವವನಿಗೆ ಯಾವ ಭಾಷೆಯಲ್ಲೂ ಪೊಲೀಸ್ ಎನ್ನುವುದಿಲ್ಲ. ಅವನಿಗೆ ಹೇಳುವ ಪದವನ್ನು ಈಗಷ್ಟೇ ಹೇಳಿದ್ದೇನೆ.”

ಫೋಟೋ ಎಲ್ಲರೂ ನೋಡಿದ್ದರು. ತಿರುಗಿ ಅವನ ಮುಖ ನೋಡಿದೆ. ಅದಕ್ಕಾಗಿಯೇ ಅಲ್ಲವೇ ತಿಂಗಳಿಡೀ ಓದಿದ್ದು.

ಅವನು ಮುಗುಳ್ನಗುತ್ತಿದ್ದ. ಎಮ್ಮೆ ಚರ್ಮ ಎಂದರೆ ಎಮ್ಮೆಗೆ ಬೇಜಾರಾದೀತು. ಅಧ್ಯಕ್ಷರ ಭಾಷಣಕ್ಕೆಂದು ಎದ್ದು ಮೈಕು ಹಿಡಿದ. “ಎಕ್ಸಲೆಂಟ್ ಟಾಕ್. ಮೇಡಂ ನನ್ ಕಾಲೆಳೀತಿದಾರೆ, ಇರ್ಲಿ, ನಾನು ಸ್ಪೋರ್ಟಿವ್ ಆಗಿ ತಗೋತೀನಿ. ಹೌದು, ಅವತ್ತು ಆಂಟಿನ ಸ್ಟಾಪ್ ಮಾಡಿದ್ದು ನಾನೇ. ತಪ್ಪೇನಿದೆ ಹೇಳಿ? ಮೇಡಂ ಹೇಳಿದ ಹಾಗೇ, ಪೊಲೀಸ್ ಅಂದ್ರೆ ಮೊದಲು ಗುಡ್ ಆರ್ಡರ್. ನಾವೆಲ್ಲ ಸೇರಿ ಮೇಂಟೇನ್ ಮಾಡ್ಬೇಕು. ಐ ಆಮ್ ಪ್ರೌಡ್ ಆಫ್ ಇಟ್.” ಕೆಲವರು ಚಪ್ಪಾಳೆ ಹೊಡೆದರು. ಶಾಲು ತಂದು ನನಗೆ ಹೊದಿಸಿದ. ನನ್ನ ತಿಂಗಳ ಓದೆಲ್ಲ ಅವನ ಮೈಮೇಲೆ ಹೂವಾಗಿ ಬಿದ್ದಿತ್ತು. ಶಾಲನ್ನು ಕಿತ್ತು ಅವನ ಮುಖಕ್ಕೆ ಎಸೆಯಬೇಕೆನಿಸಿ, ಹಲ್ಲು ಕಚ್ಚಿಕೊಂಡು ನಿಂತೆ.

ನಮ್ಮ ಸಭೆಗಳಲ್ಲಿ ಇನ್ನೊಂದು ರೂಢಿಯಿದೆ. ವಂದನಾರ್ಪಣೆಗೆ ಮುಂಚೆ, ಬಂದವರಲ್ಲಿ ಎಲ್ಲರಿಗಿಂತ ಹಿರಿಯರಾದವರ ಕೈಯಲ್ಲಿ ಎರಡು ಮಾತು ಆಡಿಸುವುದು. ಹಿರಿಯರು ಎಲ್ಲರಿಗೂ ಒಳ್ಳೆಯದಾಗಲಿ ಎನ್ನುತ್ತಾರೆ, ನಾವು ಊಟಕ್ಕೆ ಏಳುತ್ತೇವೆ. ಅವತ್ತು ಹಿರಿಯರು ನಮ್ಮ ಅತ್ತೆ. ತನ್ನ ದೊಡ್ಡ ಮನಸ್ಸನ್ನು ತೋರಿಸಲು ಅವನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕುತ್ತಿತ್ತೇ? ವೇದಿಕೆಯಿಂದ ಇಳಿದು, ಅತ್ತೆಯ ಮುಂದೆ ಬಗ್ಗಿ, ಮೈಕು ಹಿಡಿದ.

“ಆಂಟಿ, ನಮ್ಮ ಮೇಲೆ ಬೇಜಾರು ಬೇಡ. ಹಿರಿಯರು ನೀವು, ಎರಡು ಮಾತು ಹೇಳಿ.”

ಅತ್ತೆ ಅವನ ಮುಖವನ್ನು ಗುರುತು ಹಿಡಿಯುವವರಂತೆ ನೋಡಿದರು. “ನಂಗೆ ಮಾತಾಡಕ್ಕೆಲ್ಲ ಬರಲ್ಲಪ್ಪ. ಒಂದು ಕೇಳ್ಲಾ?”

“ಕೇಳಿ ಆಂಟಿ, ಪ್ಲೀಸ್.”

“ನಿಮ್ಮ ತಂದೆ ಇದಾರಾ?”

“ಇಲ್ಲ ಆಂಟಿ. ಏಳು ವರ್ಷ ಆಯ್ತು.”

“ಅಯ್ಯೋ ಪಾಪ. ಅವರಿಗೆ ನೀವು ಎಲ್ಲಿ ಇಡ್ತೀರಿ?”

“ಏನು ಆಂಟಿ?”

“ಅನ್ನ. ತಿಥಿ ದಿನ. ನಿಮಗೆ ಇಲ್ಲಿನ ರೂಲ್ಸೆಲ್ಲ ಗೊತ್ತಲ್ಲಪ್ಪ. ಹಾಕಬಹುದಾದ ಜಾಗ ಅಂತ ಒಂದು ಇರುತ್ತಲ್ಲ, ನೀವು ನಿಮ್ಮ ತಂದೆಗೆ ಇಡೋ ಜಾಗ. ಅದನ್ನ ಹೇಳ್ಬಿಡಿ, ನಾನೂ ಅಲ್ಲೇ ಇಡ್ತೀನಿ. ಯಾರಿಗೂ ತೊಂದ್ರೆ ಕೊಡಲ್ಲ.”

ಇದರಲ್ಲಿ ಕುಹಕವಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅತ್ತೆಗೆ ಕುಹಕ ಬರುವುದಿಲ್ಲ. ಬರುತ್ತಿದ್ದರೆ ನಮ್ಮ ಕುಕ್ಕರಿನ ಜಗಳಗಳು ಬೇಗ ಮುಗಿಯುತ್ತಿದ್ದವು. ನಿಯಮ ಬಲ್ಲವನು ತನ್ನ ತಂದೆಗೆ ನಿಯಮದ ಪ್ರಕಾರವೇ ಎಲ್ಲೋ ಬಡಿಸುತ್ತಿರಬೇಕು ಎಂದು ಅವರು ನಿಜವಾಗಿ ನಂಬಿದ್ದರು. ಉತ್ತರಕ್ಕಾಗಿ ಮುಖವೆತ್ತಿ ಕಾಯುತ್ತಾ ಕೂತರು.

ಅವನು ಉಗುಳು ನುಂಗಿದ್ದು ಮೈಕಿನಲ್ಲಿ ಕೇಳಿತು. “ಅದು... ಆಂಟಿ, ಊರಲ್ಲಿ ಒಂದು ಕಡೆ ಆನ್‌ಲೈನ್‌ನಲ್ಲಿ ಬುಕ್ ಮಾಡ್ತಿದ್ದೆ. ಮೊದಲು ಎರಡು ವರ್ಷ.”

“ಆಮೇಲೆ?”

ಎರಡನೆಯ ಸಾಲಿನಲ್ಲಿದ್ದ ಅವನ ಹೆಂಡತಿ ತಲೆ ತಗ್ಗಿಸಿದಳು.

“ಐದು ವರ್ಷದಿಂದ ಯಾರೂ ಬಡಿಸಿಲ್ವಾ?” ಎಂದರು ಅತ್ತೆ, ಕೆನ್ನೆಯ ಮೇಲೆ ಕೈಯಿಟ್ಟುಕೊಂಡು. ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ಆ ಮಾತು ಕೋಣೆಯ ನಾಲ್ಕು ಮೂಲೆಗೂ ಹೋಯಿತು.

ಅವನ ಮುಖ ಹೇಗಾಯಿತು ಎಂದು ಬರೆಯಬೇಕು, ಇಷ್ಟು ಹೊತ್ತು ಅದಕ್ಕಾಗಿಯೇ ಬರೆಯುತ್ತಾ ಬಂದೆ. ಮೊದಲು ನಗು ಹೋಯಿತು. ಆಮೇಲೆ ಬಣ್ಣ ಹೋಯಿತು. ಆಮೇಲೆ ಅವನು ಯಾವ ಹುದ್ದೆಯೂ ಇಲ್ಲದ, ಐವತ್ತರ ಹತ್ತಿರದ, ತಂದೆಯಿಲ್ಲದ ಒಬ್ಬ ಗಂಡಸಾಗಿ ಅತ್ತೆಯ ಮುಂದೆ ಬಗ್ಗಿಕೊಂಡೇ ನಿಂತಿದ್ದ, ನೆಟ್ಟಗಾಗುವುದು ಮರೆತಿತ್ತು. ನನಗೆ ಪರಮ ಸಂತೋಷವಾಯಿತು. ಕನಿಕರ ಬಂತು ಎಂದು ಬರೆದರೆ ಓದುವವರಿಗೆ ನಾನು ಒಳ್ಳೆಯವಳಾಗಿ ಕಾಣಬಹುದು, ಆದರೆ ಬರಲಿಲ್ಲ. ವಂದನಾರ್ಪಣೆಯನ್ನು ಯಾರೋ ಗಡಿಬಿಡಿಯಲ್ಲಿ ಮುಗಿಸಿದರು. ಅವನು ಊಟಕ್ಕೆ ನಿಲ್ಲದೆ ಲಿಫ್ಟಿನ ಕಡೆ ಹೋದ. ನಾನು ಎರಡು ಸಲ ಬಿಸಿಬೇಳೆಬಾತ್ ಹಾಕಿಸಿಕೊಂಡು ತಿಂದೆ.

ಅತ್ತೆ ಅಲ್ಲಿ ಏನೂ ತಿನ್ನದೆ ಸುಮ್ಮನೆ ಕೂತಿದ್ದರು. ಮಾರನೆಯ ದಿನ ಭಾನುವಾರ. ಮಧ್ಯಾಹ್ನ ನಾನು, ನನ್ನ ಗಂಡ ಊಟಕ್ಕೆ ಕೂತಾಗ ಅವರೂ ಬಂದು ಕುರ್ಚಿ ಎಳೆದುಕೊಂಡರು. ತಟ್ಟೆ ಇಟ್ಟೆ. ಅನ್ನ, ಸಾರು ಹಾಕಿದೆ. ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡರು.

“ನಿಮ್ಮ ಮಾವ ಒಂದು ಸಲ ಹಸ್ಕೊಂಡು ಹೋದ್ರು” ಎಂದರು. “ಆ ಮಹಾನುಭಾವರು ಐದು ವರ್ಷದಿಂದ ಹಸ್ಕೊಂಡಿದಾರೆ. ನಾನು ಇದನ್ನೇ ದೊಡ್ಡದು ಮಾಡ್ಕೊಂಡು ಕೂತಿದ್ನಲ್ಲ.”

ನನ್ನ ಗಂಡ ತಟ್ಟೆ ಬಿಟ್ಟೆದ್ದು ಅಡಿಗೆಮನೆಗೆ ಹೋದರು. ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ಅತ್ತೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಈ ಸಲದ ತಿಥಿ ಮೈಸೂರಿನಲ್ಲೇ ಆಗಲಿ, ಮಗಳ ಮನೆಯ ತಾರಸಿಯ ಮೇಲೆ ಇಡೋಣ, ಅಲ್ಲಿ ಕಾಗೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂದರು. ರಜೆ ಸಿಗುತ್ತದೆ ಎಂದು ಗಂಡ ಅಡಿಗೆಮನೆಯಿಂದಲೇ ಹೇಳಿದರು. ಆಮೇಲೆ ಅತ್ತೆ ಮಜ್ಜಿಗೆ ಹಾಕಿಸಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

“ನಮ್ಮದರ ಪಕ್ಕದಲ್ಲಿ ಆ ಹುಡುಗನ ತಂದೆಗೂ ಒಂದು ಉಂಡೆ ಇಡ್ತೀನಿ. ಹೆಸರು, ಗೋತ್ರ ಕೇಳಿ ಬರ್ಕೊಂಡಿರು.”

ಬೇಡ ಅತ್ತೆ, ಅವನಿಗೆ ಯಾಕೆ ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಹೊಳೆಯಿತು, ಇದನ್ನು ಅವನ ಬಾಯಿಂದಲೇ ಕೇಳಬೇಕಲ್ಲ. ಕೈ ತೊಳೆದು ಬಂದವಳೇ ಫೋನು ತೆಗೆದುಕೊಂಡೆ. ಎಷ್ಟೋ ಹೊತ್ತು ರಿಂಗ್ ಆದ ಮೇಲೆ ಎತ್ತಿದ.

“ನಮಸ್ಕಾರ. ನಮ್ಮ ಅತ್ತೆ ಮುಂದಿನ ತಿಂಗಳು ಮೈಸೂರಿಗೆ ಹೋಗ್ತಿದಾರೆ” ಎಂದೆ, ನನಗಿರುವ ಅತ್ಯಂತ ಮೃದು ದನಿಯಲ್ಲಿ. “ನಮ್ಮ ಮಾವನವರ ಜೊತೆ ನಿಮ್ಮ ತಂದೆಯವರಿಗೂ ಅನ್ನ ಇಡ್ತಾರಂತೆ. ಅವರ ಹೆಸರು, ಗೋತ್ರ ಹೇಳ್ತೀರಾ?”

ಹೆಸರು ಹೇಳಿದ. “ಗೋತ್ರ...” ಎಂದ. “ಮೇಡಂ, ಗೋತ್ರ ನಂಗೆ ನೆನಪಾಗ್ತಿಲ್ಲ. ಅಮ್ಮನ್ನ ಕೇಳ್ಬೇಕು.”

“ಕೇಳಿ” ಎಂದೆ. “ನಾನು ಲೈನಲ್ಲೇ ಇರ್ತೀನಿ.”